ಸಹಾಯ ಬೇಕು: ಮಕ್ಕಳ ಮಗ್ಗಿ ಆಟದ ಮಾಹಿತಿ ಎಲ್ಲಿಡೋದು?

ಎಲ್ಲರಿಗೂ ನಮಸ್ಕಾರ. ನಾನು, ನನ್ನ ಗೆಳೆಯ ಸೇರಿ ದಾವಣಗೆರೆಯಲ್ಲಿ ಕೂತು 3ರಿಂದ 5ನೇ ಕ್ಲಾಸಿನ ಮಕ್ಕಳಿಗೆ ಮಗ್ಗಿ ಕಲಿಸುವ ಆ್ಯಂಡ್ರಾಯ್ಡ್ ಆಟ ಮಾಡುತ್ತಿದ್ದೇವೆ. ಆಟ ಬಹುತೇಕ ಮುಗಿದಿದೆ. ತಲೆನೋವು ಮಾಹಿತಿಯದ್ದು.

ಅಂಕ, ಎಲ್ಲೆಲ್ಲಿ ತಪ್ಪಿದರು (7ರ ಮಗ್ಗಿಗೆ ಎಲ್ಲರೂ ಎಡವುತ್ತಾರೆ!) ಎಲ್ಲ ಫೋನ್‌ನಲ್ಲೇ ಉಳಿಯುತ್ತದೆ. ಹೆಸರು, ಫೋಟೊ, ಲೊಕೇಶನ್ ಕೇಳುವುದೇ ಇಲ್ಲ. ಆದರೆ ವಿದ್ಯಾನಗರದ ಟ್ಯೂಷನ್ ಮೇಡಂ ಒಬ್ಬರು, ತಮ್ಮ ಮಕ್ಕಳ ಅಂಕ ಒಟ್ಟಿಗೆ ಕಾಣಬೇಕು ಅಂತಾರೆ. ಅಂದರೆ ಸರ್ವರ್‌ಗೆ ಕಳಿಸಲೇಬೇಕು. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ. ಅಪ್ಪ ಅಮ್ಮನ ಒಪ್ಪಿಗೆ ಬೇಕು, ಅದೂ ಅವರದ್ದೇ ಅಂತ ಖಾತ್ರಿಯಾಗುವಂಥದ್ದು. ದಂಡ 200 ಕೋಟಿವರೆಗೆ. ನಮ್ಮ ಬಂಡವಾಳ ಎರಡು ಹಳೇ ಲ್ಯಾಪ್‌ಟಾಪ್!

ಸಿಕ್ಕಿಕೊಂಡಿರೋದು ಇಲ್ಲೇ. ಒಟಿಪಿ ಕಳಿಸಿದರೆ ಬರುವುದು ಅಪ್ಪನ ಫೋನಿಗೆ, ಆ ಫೋನ್ ಇರುವುದು ಮಗುವಿನ ಕೈಯಲ್ಲಿ. ಒತ್ತುವುದು ಮಗುವೇ ಅಲ್ವಾ? ಟ್ಯೂಷನ್‌ನಲ್ಲಿ ಪೋಷಕರ ಸಹಿ ತಗೊಂಡು, ಹೆಸರಿನ ಬದಲು ಕೋಡ್ ಕೊಟ್ಟರೆ ಸಾಕೇ? ಯಾವ ಕೋಡ್ ಯಾರದ್ದು ಅನ್ನೋ ಪಟ್ಟಿ ಮೇಡಂ ನೋಟ್‌ಬುಕ್ಕಿನಲ್ಲೇ ಇರಲಿ ಅನ್ನೋದು ನನ್ನ ಲೆಕ್ಕ. ಗೆಳೆಯ ಒಪ್ಪುತ್ತಿಲ್ಲ.

ಇನ್ನೊಂದು. ಬರೀ ಮಕ್ಕಳ ಆ್ಯಪ್ ಆದರೆ ಜಾಹೀರಾತು ಐಡಿ (ಜಾಹೀರಾತಿಗಾಗಿ ಫೋನ್‌ಗೆ ಕೊಟ್ಟಿರುವ ಗುರುತು) ಕಳಿಸುವಂತಿಲ್ಲ ಅನ್ನುತ್ತದೆ ಗೂಗಲ್ ಪ್ಲೇ ನಿಯಮ. ಆ್ಯಪ್‌ಗೆ ಬೇಕಾದ ಅನುಮತಿಗಳನ್ನು ಬರೆದಿಡುವ ಮ್ಯಾನಿಫೆಸ್ಟ್ ಫೈಲ್‌ನಿಂದ ಆ ಐಡಿಯ ಅನುಮತಿ ತೆಗೆದಿದ್ದೇನೆ. ಆದರೂ ಒಳಗೆ ಸೇರಿಸಿರುವ ಅನಾಲಿಟಿಕ್ಸ್ ಎಸ್‌ಡಿಕೆ (ಆ್ಯಪ್ ಬಳಕೆಯ ಲೆಕ್ಕ ಇಡುವ, ಬೇರೆಯವರ ಸಿದ್ಧ ಸಾಫ್ಟ್‌ವೇರ್) ಏನೇನು ಹೊರಗೆ ಕಳಿಸುತ್ತಿದೆ ಅಂತ ನೋಡುವುದು ಹೇಗೆ?

ಈ ಕೆಲಸ ಮಾಡಿದವರು ದಯವಿಟ್ಟು ತಿಳಿಸಿ. ದಾವಣಗೆರೆ, ಚಿತ್ರದುರ್ಗ ಕಡೆಯವರಾದರೆ ನಾವೇ ಬಂದು ತೋರಿಸುತ್ತೇವೆ. ಮಂಡಕ್ಕಿ, ಮಿರ್ಚಿ ಖರ್ಚು ನಮ್ಮದು.