ಅಪ್‌ಡೇಟ್: ಇದ್ದಿಲು ಸ್ಮೋಕರ್ ಕೊನೆಗೂ ಹತೋಟಿಗೆ ಬಂತು

ಹೋದ ತಿಂಗಳು ಕೇಳಿದ್ದೆ: ನನ್ನ ಇದ್ದಿಲು ಸ್ಮೋಕರ್ (ಕೆಂಡದ ಶಾಖ, ಹೊಗೆಯಲ್ಲಿ ಮಾಂಸನ ನಿಧಾನವಾಗಿ ಬೇಯಿಸೋ ಮುಚ್ಚಿದ ಒಲೆ) 110 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಿಲ್ಲೋದೇ ಇಲ್ಲ, ನೋಡನೋಡ್ತಾ 160 ದಾಟುತ್ತೆ, ಏನು ಮಾಡಲಿ ಅಂತ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಧನ್ಯವಾದ.

ಇದ್ದಿಲನ್ನೆಲ್ಲ ಒಟ್ಟಿಗೇ ಹೊತ್ತಿಸಿ ಸುರೀತಿದ್ದೆ, ಅದೇ ತಪ್ಪು. ಈಗ ಹೊತ್ತಿಸದ ಇದ್ದಿಲು ತುಂಬಿ, ಮೇಲೆ ಹತ್ತು-ಹನ್ನೆರಡು ಕೆಂಡ ಮಾತ್ರ ಇಡ್ತೀನಿ. ಬೆಂಕಿ ಮೇಲಿಂದ ಕೆಳಕ್ಕೆ ನಿಧಾನವಾಗಿ ಹರಡುತ್ತೆ. ಸ್ಮೋಕರ್‌ನ ಮೇಲಿನ ಗಾಳಿ ಕಿಂಡಿ ಪೂರ್ತಿ ತೆರೆದೇ ಇರುತ್ತೆ. ಕೆಳಗಿನವನ್ನ 90 ಡಿಗ್ರಿ ಬಂದಾಗಿನಿಂದಲೇ ಮುಚ್ಚುತ್ತಾ ಬರ್ತೀನಿ, ಯಾಕಂದ್ರೆ ಏರಿದ ಶಾಖ ಇಳಿಸೋದು ಬಹಳ ಕಷ್ಟ. ಕಿಂಡಿ ಒಮ್ಮೆ ಸರಿಸಿದ ಮೇಲೆ ಹದಿನೈದು ನಿಮಿಷ ಕಾಯಲೇಬೇಕು. ಮುಚ್ಚಳ ತೆಗೆದಾಗಲೆಲ್ಲ ಗಾಳಿ ನುಗ್ಗಿ ಕೆಂಡ ಕೆರಳುತ್ತೆ.

ಮಾಂಸ ಇಡೋ ಜಾಲರಿ ಮಟ್ಟದಲ್ಲಿ ಪ್ರೋಬ್ (ಶಾಖ ಅಳೆಯೋ ಕಡ್ಡಿ) ಇಟ್ಟು ನೋಡಿದೆ. ಮುಚ್ಚಳದ ಥರ್ಮಾಮೀಟರ್‌ಗೂ ಅದಕ್ಕೂ 15 ಡಿಗ್ರಿ ವ್ಯತ್ಯಾಸ!

ಶನಿವಾರ ಎರಡೂವರೆ ಕಿಲೋ ಹಂದಿ ಭುಜದ ಮಾಂಸ ಇಟ್ಟೆ. ಸ್ಮೋಕರ್ ಒಂಬತ್ತು ಗಂಟೆ 105ರಿಂದ 120ರ ನಡುವೆಯೇ ಇತ್ತು. ಮಾಂಸದೊಳಗಿನ ಶಾಖ 68ಕ್ಕೆ ಬಂದು ಎರಡು ಗಂಟೆ ಅಲ್ಲಾಡಲಿಲ್ಲ. ಮೇಲಿನ ತೇವ ಆರುವಾಗ ಹಾಗಾಗುತ್ತೆ ಅಂತ ನೀವು ಹೇಳಿದ್ದರಿಂದ ಬೆಂಕಿ ಕೆದಕದೆ ಕಾದೆ. ಒಳಗಿನ ಶಾಖ 95 ಆದಾಗ ಮಾಂಸನ ಹೊರತೆಗೆದೆ, ಮೂಳೆ ತಾನಾಗೇ ಜಾರಿ ಬಂತು. ಒಂದಿಷ್ಟು ಕಾಚಂಪುಳಿ (ಕೊಡಗಿನ ಕಪ್ಪು ಹುಳಿರಸ) ಬೆರೆಸಿ ಅಕ್ಕಿರೊಟ್ಟಿ ಜೊತೆ ತಿಂದ್ವಿ.