ಅಪ್‌ಡೇಟ್: ಸೊಂಟದ ಬಿಗಿತಕ್ಕೆ ಬೆನ್ನಿನ ನೆಟಿಗೆ ತೆಗೆಸಿದೆ

ಬೆಳಗ್ಗೆ ಏಳುವಾಗ ಸೊಂಟ ಹಿಡಿದುಕೊಳ್ಳುತ್ತದೆ, ನೆಟಿಗೆ ತೆಗೆಸಬಹುದಾ ಅಂತ ಕೇಳಿದ್ದೆನಲ್ಲ. ಮೊದಲು ಫಿಸಿಯೋಗೆ ತೋರಿಸಿ ಅಂದವರಿಗೆ ಥ್ಯಾಂಕ್ಸ್, ಅದೇ ಕೆಲಸ ಮಾಡಿತು. ಕಾಲಲ್ಲಿ ಜೋಮು, ಮೂತ್ರದ ತೊಂದರೆ ಇದೆಯಾ ಅಂತ ವಿಚಾರಿಸಿಕೊಂಡೇ ಅವರು ಕೈ ಹಾಕಿದ್ದು. ಮೆಲ್ಲಗೆ ಒತ್ತಿ ಸಡಿಲಿಸಿದರು, ಆಮೇಲೆ ಲಟಕ್! ಬಿಗಿತ ಅವತ್ತೇ ಇಳಿಯಿತು, ಆದರೆ ಸ್ವಲ್ಪ ದಿನಕ್ಕೆ ವಾಪಸ್. ಅವರು ಹೇಳಿಕೊಟ್ಟ ವ್ಯಾಯಾಮ ಶುರು ಮಾಡಿದ ಮೇಲೇ ಹಿಡಿತಕ್ಕೆ ಬಂದಿದ್ದು.

ಸೊಂಟದ ಬೆಲ್ಟ್ ಸುಮ್ನೆ ದಂಡ. ದೀರ್ಘಕಾಲದ ಸೊಂಟ ನೋವಿಗೆ ಅದು ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆಯ 2023ರ ಮಾರ್ಗಸೂಚಿಯೂ ಹೇಳುತ್ತದೆ. ಎಣ್ಣೆ ಮಸಾಜ್ ಹಾಯೆನಿಸಿತು, ಅಷ್ಟೇ.

ಆಶ್ಚರ್ಯ ಅಂದ್ರೆ, ಆ ಸದ್ದು ಮೂಳೆ ಜಾಗಕ್ಕೆ ಕೂತದ್ದಲ್ಲ, ಕೀಲಿನ ದ್ರವದಲ್ಲಿನ ಗಾಳಿಗುಳ್ಳೆಯದು! ಸದ್ದು ಬರದಿದ್ದರೂ ಗುಣ ಕಾಣಬಹುದು. ಸಲೂನ್‌ನಲ್ಲಿ ಕುತ್ತಿಗೆ ತಿರುಗಿಸಿಕೊಳ್ಳೋದು ಮಾತ್ರ ಬೇಡ, ಅಪರೂಪಕ್ಕೆ ರಕ್ತನಾಳ ಹರಿಯೋ ಅಪಾಯ ಇದೆ.