ಯುದ್ಧಕಾಲದ ವಿಮಾನ ನೆಲೆಗಳು ವಿಶ್ವವಿದ್ಯಾಲಯ ಆಗಿದ್ದು ಹೇಗೆ?

ಪ್ರಶ್ನೆ (ನೌಬಾದ್, ಬೀದರ್):
ನಮ್ಮಣ್ಣನ ಮಗಳು ಇಂಗ್ಲೆಂಡಿನ ಕ್ರ್ಯಾನ್‌ಫೀಲ್ಡ್ ವಿಶ್ವವಿದ್ಯಾಲಯದಲ್ಲಿ ಓದ್ತಿದ್ದಾಳೆ. ‘ಕಾಕಾ, ಕ್ಯಾಂಪಸ್ ಪಕ್ಕದಲ್ಲೇ ರನ್‌ವೇ ಇದೆ, ಮೊದಲು ವಾಯುಪಡೆಯ ನೆಲೆ ಆಗಿತ್ತಂತೆ’ ಅಂದಳು. ನಾವು ಬೀದರಿನವರು. ವಾಯುಪಡೆಯ ತರಬೇತಿ ಜೆಟ್ ಹಾಕ್ ತಲೆ ಮೇಲೆ ಹೋಗುವಾಗ ಫೋನಲ್ಲಿ ಮಾತು ನಿಲ್ಲಿಸಿ, ಸದ್ದು ಇಳಿದ ಮೇಲೆ ಮುಂದುವರಿಸೋದು ನಮಗೆ ರೂಢಿ. ನಮ್ಮ ನೆಲೆಯೂ ಎರಡನೇ ಮಹಾಯುದ್ಧದ ಕಾಲದ್ದೇ ಅಲ್ವಾ? ಅಲ್ಲಿ ಕ್ಯಾಂಪಸ್ ಆಯ್ತು, ಇಲ್ಲಿ ಯಾಕೆ ಆಗಲಿಲ್ಲ? ತಿಳಿದವರು ಹೇಳಿ.

ಉತ್ತರ 1:
ಸರ್, ನಾನು ರಸ್ತೆ ಕೆಲಸದ ಎಂಜಿನಿಯರ್, ಈಗ ನಿವೃತ್ತಿಯಾಗಿದೆ. ಯುದ್ಧದ ಅವಸರದಲ್ಲಿ ಸರ್ಕಾರಗಳು ಹೊಲಗಳನ್ನು ತಗೊಂಡು ಮಟ್ಟ ಮಾಡಿದವು. ಚರಂಡಿ, ನೀರು, ಕರೆಂಟು, ಸೈನಿಕರ ಬ್ಯಾರಕ್ ಎಲ್ಲ ಬಂತು. ಯುದ್ಧ ಮುಗೀತು. ಕಾಲೇಜಿಗೆ ಹುಡುಗರು ಜಾಸ್ತಿ, ಕಟ್ಟಡ ಕಡಿಮೆ. ಖಾಲಿ ಬಿದ್ದ ನೆಲೆ ಸಿಕ್ಕರೆ ಬಿಡ್ತಾರಾ? ಕ್ರ್ಯಾನ್‌ಫೀಲ್ಡ್ ನೆಲೆ ಶುರುವಾಗಿದ್ದು 1937ರಲ್ಲಿ. 1946ರಲ್ಲಿ ಅಲ್ಲಿ ವಿಮಾನ ವಿದ್ಯೆಯ ಕಾಲೇಜು ಬಂತು. ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾ ವಿಶ್ವವಿದ್ಯಾಲಯ 1954ರಲ್ಲಿ ಅಮೆರಿಕದ ಮರೀನ್ ಸೇನಾಪಡೆಯ ಹಳೇ ವಿಮಾನ ನೆಲೆಗೆ ಬಂತು. ಬ್ಯಾರಕ್‌ಗಳಲ್ಲೇ ಪಾಠ ನಡೀತು. ಪಕ್ಕದ ರನ್‌ವೇ ಈಗ ಊರಿನ ವಿಮಾನ ನಿಲ್ದಾಣ.

ನನಗೆ ತುಂಬಾ ಇಷ್ಟವಾಗೋದು ಟೆಕ್ಸಾಸಿನ ಬ್ರಯಾನ್. 1943ರಲ್ಲಿ ಪೈಲಟ್‌ಗಳ ತರಬೇತಿಗೆ ಮಾಡಿದ ನೆಲೆ, 1962ರಲ್ಲಿ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯಕ್ಕೆ ಸಿಕ್ತು. ಆ ಹಳೇ ಕಾಂಕ್ರೀಟಿನ ಮೇಲೆ ವಾಹನಗಳನ್ನು ಬೇಕಂತಲೇ ರಸ್ತೆ ಬದಿಯ ತಡೆಬೇಲಿಗೆ ಗುದ್ದಿಸಿ ಪರೀಕ್ಷೆ ಮಾಡ್ತಾರೆ. ಬೇಲಿ ಎಲ್ಲಿ ಬಾಗ್ತು, ಗಾಡಿ ಮಗುಚ್ತಾ, ಒಳಗಿನವರು ಉಳೀತಿದ್ರಾ ಅಂತ ನೋಡ್ತಾರೆ. ಎಷ್ಟು ಜೀವ ಉಳಿಸೋ ಕೆಲಸ ನೋಡಿ!

ಬೀದರಿನ ಕಥೆ ಬೇರೆ. ಇಲ್ಲಿ ಹಾರಾಟಕ್ಕೇ ನೆಲೆ ಬೇಕಾಯ್ತು. ಚೀನಾ ಯುದ್ಧದ ಮರುವರ್ಷ, 1963ರಲ್ಲಿ, ವಾಯುಪಡೆ ಪೈಲಟ್‌ಗಳ ತರಬೇತಿ ಶುರು ಮಾಡಿತು. ಆಕಾಶದಲ್ಲಿ ವಿಮಾನ ಕಸರತ್ತು ತೋರಿಸೋ ವಾಯುಪಡೆಯ ಸೂರ್ಯಕಿರಣ ತಂಡ ಹುಟ್ಟಿದ್ದು ಇಲ್ಲೇ, 1996ರಲ್ಲಿ. ಹಾಕ್ ಬಂದಿದ್ದು 2008ರಲ್ಲಿ. ನೆಲವೂ ರನ್‌ವೇಗೆ ತಕ್ಕ ಹಾಗೇ ಇದೆ. ಕಲಬುರಗಿ ಕಡೆಯ ಎರೆ ಮಣ್ಣು ಮಳೆಗೆ ಉಬ್ಬುತ್ತೆ, ಬೇಸಿಗೆಗೆ ಬಿರುಕು ಬಿಡುತ್ತೆ. ಅದನ್ನು ತೆಗೆದು ಮುರುಂ ಅನ್ನೋ ಗರಸು ಮಣ್ಣು ತುಂಬದೇ ಗಟ್ಟಿ ರಸ್ತೆ ಆಗಲ್ಲ. ಬೀದರ್ ಕೂತಿರೋದು ಕೆಂಪು ಜಂಬಿಟ್ಟಿಗೆ ಕಲ್ಲಿನ ಮೇಲೆ. ಸಮತಟ್ಟು, ಗಟ್ಟಿ ನೆಲ.

ಉತ್ತರ 2:
ನಾನು ಇಲ್ಲಿನ ಪಶುವೈದ್ಯ ಕಾಲೇಜಿನಲ್ಲಿ ಓದ್ತಿದ್ದೀನಿ. ನೆಲೆ ಇರೋ ಊರಲ್ಲಿ ಒಂದು ನಿಯಮ ಗೊತ್ತಿರಬೇಕು. ವಿಮಾನ ನಿಲ್ದಾಣದಿಂದ 10 ಕಿ.ಮೀ. ಒಳಗೆ ಬಯಲಲ್ಲಿ ಪ್ರಾಣಿ ಕಡಿಯೋ ಹಾಗಿಲ್ಲ, ಹಕ್ಕಿ ಸೇರುವಂಥ ಕಸ ಸುರಿಯೋ ಹಾಗಿಲ್ಲ. ಒಂದು ಹದ್ದು ಎಂಜಿನ್‌ಗೆ ಸಿಕ್ಕರೂ ಪೈಲಟ್ ಜೀವಕ್ಕೇ ಅಪಾಯ. ಸತ್ತ ದನ ರಸ್ತೆ ಬದಿ ಬಿಸಾಡಬೇಡಿ, ಆಳವಾಗಿ ಹೂಳಿ ಅಂತ ಸಿಕ್ಕ ರೈತರಿಗೆಲ್ಲ ಹೇಳ್ತೀನಿ. ನೀವೂ ಹೇಳಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದ. ಅಣ್ಣನ ಮಗಳಿಗೆ ಕಳಿಸಿದ್ದೀನಿ. ಇನ್ನೊಂದು ಮಾತು. ಚಿದ್ರಿ ಕಡೆ, ನೆಲೆಗೆ ಹೊಲ ಹೋದ ಮನೆಯ ಹಿರಿಯರು ಇದ್ದರೆ ದಯವಿಟ್ಟು ಇಲ್ಲಿ ಬರೀರಿ. ನಿಜಾಮರ ಕಾಲದ ಉರ್ದು ಕಾಗದ ಇದ್ದರೆ ಫೋಟೋ ತೆಗೆದು ಇಟ್ಟುಕೊಳ್ಳಿ. ನನಗೆ ಉರ್ದು ಬರುತ್ತೆ, ಮನೆಗೇ ಬಂದು ಕೂತು ಓದಿ ಹೇಳ್ತೀನಿ.